ಮೆಟ್ಟಿಲಿಲ್ಲದ ಗಿಟಾರ್, ತಂತಿಯ ಎತ್ತರ



ಹಲಸಿನ ಹಲಗೆಯಲ್ಲಿ ನಾನು ಮನೆಯಲ್ಲೇ ಮಾಡಿದ ಈ ಗಿಟಾರಿಗೆ ವೀಣೆಗಿರುವಂತೆ ಮೆಟ್ಟಿಲುಗಳಿಲ್ಲ. ಪಿಟೀಲಿನ ಹಾಗೆ ಬೆರಳೇ ಸ್ವರ ಹುಡುಕಬೇಕು. ಇದನ್ನು ಶಾಲೆಗೆ ಬಿಟ್ಟುಹೋಗುತ್ತಿರುವುದರಿಂದ ತಂತಿಯ ಎತ್ತರದ ಬಗ್ಗೆ ಮಾತ್ರ ಹೇಳುತ್ತೇನೆ.

ತಂತಿ ಹಲಗೆಯಿಂದ ಬಹಳ ಮೇಲಿದ್ದರೆ ಒತ್ತುವ ಬೆರಳು ನೋಯುತ್ತದೆ. ಎಂಟನೇ ತರಗತಿಯ ಮಗು ವಾರದೊಳಗೆ ವಾದ್ಯವನ್ನು ಮೂಲೆಗಿಡುತ್ತದೆ. ಒತ್ತಿದಾಗ ತಂತಿ ಬಿಗಿದು ಸ್ವರವೂ ಏರುತ್ತದೆ. ತೀರಾ ಕೆಳಗಿದ್ದರೆ ಕಂಪಿಸುವ ತಂತಿ ಮರಕ್ಕೆ ತಾಗಿ ಜುಂಯ್‌ಗುಡುತ್ತದೆ. ಗೋಟುವಾದ್ಯಕ್ಕೂ ಮೆಟ್ಟಿಲಿಲ್ಲ, ಆದರೆ ಅಲ್ಲಿ ತಂತಿಯ ಮೇಲೆ ಕೊರಡು ಜಾರಿಸುತ್ತಾರೆ, ಹಲಗೆಗೆ ಒತ್ತುವುದಿಲ್ಲ. ಅದಕ್ಕೆ ಎತ್ತರವಿದ್ದರೂ ನಡೆಯುತ್ತದೆ.

ಇಳಿಸುವುದು ಕುದುರೆಯನ್ನು. ಆಚೆ ತುದಿ ಹಾಗೇ ಇದ್ದರೆ, ತಂತಿಯ ನಡುವೆ 1 ಮಿ.ಮೀ. ತಗ್ಗಿಸಲು ಕುದುರೆಯನ್ನು 2 ಮಿ.ಮೀ. ಉಜ್ಜಬೇಕು. ಹತ್ತನೇ ತರಗತಿಯ ಸಮರೂಪ ತ್ರಿಭುಜಗಳೇ ಇವು. (ಲೆಕ್ಕದ ಮೇಷ್ಟ್ರು ನಗುತ್ತಿದ್ದಾರೆ!) ಒಂದಿಷ್ಟು ಉಜ್ಜಿ, ತಂತಿ ಬಿಗಿದು, ನುಡಿಸಿ ನೋಡಿ, ಆಮೇಲೆ ಮತ್ತೆ ಉಜ್ಜಿ. ಉಜ್ಜಿದ ಮರ ವಾಪಸ್ ಬರುವುದಿಲ್ಲ.

ಇನ್ನು ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಳೆಗಾಲ. ಡಬ್ಬಿಯ ಹಪ್ಪಳವೇ ಮೆತ್ತಗಾಗುವ ಆಷಾಢದಲ್ಲಿ ಗಿಟಾರಿನ ಮುಖದ ಹಲಗೆ ತೇವ ಹೀರಿ ಉಬ್ಬುತ್ತದೆ. ಕುದುರೆಯ ಜೊತೆ ತಂತಿಯೂ ಏರುತ್ತದೆ. ಬೇಸಿಗೆಯಲ್ಲಿ ಸರಿಯಿದ್ದ ಅಳತೆ ಆಗ ನಡೆಯದು. ಹಾಗಾಗಿ ಎರಡು ಕುದುರೆ ತಂದಿದ್ದೇನೆ: ಗಿಡ್ಡನೆಯದು ಮಳೆಗಾಲಕ್ಕೆ, ಇನ್ನೊಂದು ಬೇಸಿಗೆಗೆ. ಎರಡರ ಮೇಲೂ ತಿಂಗಳು ಬರೆದಿದೆ.

ಹೆಡ್‌ಮಾಸ್ಟರಲ್ಲಿ ಒಂದೇ ವಿನಂತಿ ಸಾರ್: ಇದನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ.