ಆಯಿಯ ಕನ್ನಡ



ಕನ್ನಡವನ್ನು ಉಳಿಸಿದ ಹಿರಿಯರೊಬ್ಬರನ್ನು ಕುರಿತು ಮಾತನಾಡಬೇಕೆಂದು ಸಂಘವು ಸೂಚಿಸಿತು. ಕವಿಯೊಬ್ಬರನ್ನೋ ಏಕೀಕರಣದ ಹೋರಾಟಗಾರರೊಬ್ಬರನ್ನೋ ಆರಿಸಿಕೊಳ್ಳಬಹುದಾಗಿತ್ತು. ನಾನು ಆರಿಸಿಕೊಂಡುದು ಅಕ್ಷರವನ್ನೇ ಅರಿಯದಿದ್ದ ನನ್ನ ಅಜ್ಜಿಯನ್ನು. ನಮ್ಮ ಸೀಮೆಯಲ್ಲಿ ಅಜ್ಜಿಯನ್ನು ‘ಆಯಿ’ ಎನ್ನುತ್ತೇವೆ. ಮರಾಠಿಯಲ್ಲಿ ಅದೇ ಶಬ್ದಕ್ಕೆ ತಾಯಿ ಎಂದರ್ಥ.

ಆಯಿಯ ಊರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಒಂದು ಚಿಕ್ಕ ಹಳ್ಳಿ. ತವರು ಅಫಜಲಪುರದ ಕಡೆ, ಅಂದಿನ ನಿಜಾಮನ ಸೀಮೆ. ಆಕೆ ಸೊಸೆಯಾಗಿ ಬಂದಾಗ ಅಕ್ಕಲಕೋಟ ಒಂದು ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರಲ್ಲಿ ತವರು ಮೈಸೂರು ರಾಜ್ಯಕ್ಕೆ ಸೇರಿತು, ಗಂಡನ ಮನೆ ಸೇರಲಿಲ್ಲ. 1960ರಲ್ಲಿ ಅದು ಮಹಾರಾಷ್ಟ್ರದ ಪಾಲಾಯಿತು. ಅಕ್ಕಲಕೋಟವನ್ನು ಮೈಸೂರಿಗೆ ಕೊಡಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಜಾರಿಗೆ ಬರಲಿಲ್ಲ. ಇಷ್ಟೆಲ್ಲ ನಡೆಯುವಾಗ ಆಯಿ ಮನೆಯನ್ನೂ ಬದಲಿಸಲಿಲ್ಲ, ಮಾತನ್ನೂ ಬದಲಿಸಲಿಲ್ಲ. ಹೆಣ್ಣು ಕೊಡುವುದು ತರುವುದು ಗಡಿಯ ಎರಡೂ ಕಡೆ ಮೊದಲಿನಂತೆಯೇ ನಡೆಯಿತು.

ಆಕೆಯ ಕನ್ನಡ ಇದ್ದುದು ದುಡಿಮೆಯಲ್ಲಿ. ಕೋಳಿ ಕೂಗುವ ಮುನ್ನ ಎದ್ದು, ಬೀಸುವ ಕಲ್ಲಿನ ಮುಂದೆ ನೆಗೆಣ್ಣಿಯೊಡನೆ ಕುಳಿತು ಬಿಳಿಜೋಳ ಬೀಸುವಾಗ ಒಬ್ಬರು ಎತ್ತಿದ ತ್ರಿಪದಿಯನ್ನು ಇನ್ನೊಬ್ಬರು ಮುಗಿಸುತ್ತಿದ್ದರು. ತವರಿನ ಹಂಬಲ, ಅತ್ತೆಯ ಕಾಟ, ಸತ್ತ ಮಗುವಿನ ದುಃಖ, ಎಲ್ಲವೂ ಹಿಟ್ಟಿನ ಜೊತೆ ಹೊರಬೀಳುತ್ತಿದ್ದವು. ಇಂತಹ ಹಾಡುಗಳನ್ನೇ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಪ್ರಕಟಿಸಿದರು. ಆಯಿಗೆ ಆ ಪುಸ್ತಕದ ಸುದ್ದಿಯೂ ತಿಳಿದಿರಲಿಲ್ಲ. ಮುಂದೆ ಊರಿಗೆ ಹಿಟ್ಟಿನ ಗಿರಣಿ ಬಂತು. ಆಯಿಯ ರಟ್ಟೆಗಳಿಗೆ ವಿಶ್ರಾಂತಿ ದೊರೆಯಿತು. ಅದನ್ನು ನಾನು ಹಳಿಯಲಾರೆ. ಹಾಡಿನ ಸಲುವಾಗಿ ಆ ದುಡಿಮೆಯನ್ನು ಯಾವ ಹೆಣ್ಣಿಗೂ ಮರಳಿ ಹೊರಿಸಬಾರದು. ಆದರೆ ಆಯಿಗೆ ಬರುತ್ತಿದ್ದ ಹಾಡುಗಳಲ್ಲಿ ಅರ್ಧದಷ್ಟು ನನ್ನ ಅವ್ವನಿಗೆ ಬಂದವು, ನನ್ನ ಅಕ್ಕಂದಿರಿಗೆ ಒಂದೂ ಬರಲಿಲ್ಲ.

1972ರ ಬರಗಾಲವನ್ನು ಇಲ್ಲಿಯ ಹಿರಿಯರು ಬಲ್ಲರು. ಆಗ ಆಯಿ ಸರ್ಕಾರಿ ಬರಗಾಲ ಕಾಮಗಾರಿಯಲ್ಲಿ ಖಡಿ ಒಡೆಯಲು ಹೋದಳು. ಹಾಜರಿ ಪಟ್ಟಿ ಮರಾಠಿಯಲ್ಲಿ; ಆಕೆಯದು ಹೆಬ್ಬೆಟ್ಟು. ಆದರೆ ಪ್ರತಿ ಸಂಜೆ ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದಳು. ಪಗಾರದ ದಿನ ಮುಕಾದಮ ಹದಿನೇಳು ದಿನವೆಂದಾಗ, “ಹತ್ತೊಂಬತ್ತ ಆಗ್ಯಾವ. ಬೇಕಾದ್ರ ನಮ್ಮನಿ ಗ್ವಾಡಿ ಕೇಳು” ಎಂದು ಎಲ್ಲರೆದುರು ಕನ್ನಡದಲ್ಲಿಯೇ ಹೇಳಿದಳಂತೆ. ಆತನಿಗೆ ಕನ್ನಡ ಚೆನ್ನಾಗಿಯೇ ತಿಳಿಯುತ್ತಿತ್ತು. ಹತ್ತೊಂಬತ್ತು ದಿನದ ಕೂಲಿ ಎಣಿಸಿ ಕೊಟ್ಟ. ಕೇಂದ್ರ ಸರ್ಕಾರದ ಸೇವೆಯಲ್ಲಿ ಕಡತಗಳ ನಡುವೆ ಬದುಕಿದ ನಾನು ಅದಕ್ಕಿಂತ ಗಟ್ಟಿಯಾದ ದಾಖಲೆಯನ್ನು ಹೆಚ್ಚು ಕಂಡಿಲ್ಲ.

ಮರಾಠಿಯೊಡನೆ ಆಕೆಗೆ ಜಗಳವಿರಲಿಲ್ಲ. ಸಂತೆಯಲ್ಲಿ ಮರಾಠಿ ಆಡುತ್ತಿದ್ದಳು, ಪಂಢರಪುರದ ವಿಠ್ಠಲನಿಗೂ ಕೈ ಮುಗಿಯುತ್ತಿದ್ದಳು. ಎಳ್ಳ ಅಮಾವಾಸ್ಯೆಯಂದು ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಚರಗ ಚೆಲ್ಲಿದ ಮೇಲೆ, ನೆರೆಯ ಮರಾಠಿ ಮನೆಯವರನ್ನೂ ಊಟಕ್ಕೆ ಕೂಡಿಸುತ್ತಿದ್ದಳು. ಲಾತೂರಿನ ಕಡೆ ಮರಾಠಿಗರು ಇದೇ ಹಬ್ಬವನ್ನು ‘ಯೇಳವಸ’ ಎಂದು ಇಂದಿಗೂ ಆಚರಿಸುತ್ತಾರೆ. ಆ ಹೆಸರು ಅಲ್ಲಿಗೆ ಹೋದದ್ದು ಯಾವ ಸರ್ಕಾರದ ಆದೇಶದಿಂದಲೂ ಅಲ್ಲ, ಬುತ್ತಿಯ ಜೊತೆಗೆ.

ಬಂಧುಗಳೆ, ಪುಣೆಯಲ್ಲಿ ನಮಗೆ ಸಂಘವಿದೆ, ವೇದಿಕೆಯಿದೆ, ನವೆಂಬರ್ ತಿಂಗಳಿದೆ. ಇವೆಲ್ಲ ಬೇಕು. ಆದರೆ ವರ್ಷಕ್ಕೊಮ್ಮೆ ವೇದಿಕೆಯ ಮೇಲೆ ಆಡುವ ಭಾಷೆಯನ್ನು ಮಕ್ಕಳು ಉತ್ಸವದ ಉಡುಪಿನಂತೆ ತೊಟ್ಟು ಕಳಚಿಡುತ್ತಾರೆ. ಲೆಕ್ಕ ಹಾಕುವಾಗ, ಜಗಳವಾಡುವಾಗ, ರೊಟ್ಟಿ ಬಡಿಯುವಾಗ, ಅಳುವಾಗ ಬಾಯಿಗೆ ಬರುವ ಭಾಷೆಯೇ ಮುಂದಿನ ತಲೆಮಾರಿಗೆ ದಾಟುತ್ತದೆ. ಗಡಿಯ ತೀರ್ಮಾನ ನಮ್ಮ ಕೈಯಲ್ಲಿಲ್ಲ. ಅಡಿಗೆಮನೆಯ ತೀರ್ಮಾನ ನಮ್ಮ ಕೈಯಲ್ಲಿದೆ.

ನಿಮ್ಮ ಮನೆಗಳಲ್ಲಿ ಎಂಬತ್ತು ದಾಟಿದ ಆಯಿಯಂದಿರು ಇನ್ನೂ ಇದ್ದಾರೆ. ಮೊಮ್ಮಕ್ಕಳನ್ನು ಅವರ ಬಳಿ ಕೂಡಿಸಿ. ಬಂದಷ್ಟು ಹಾಡುಗಳನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಊರು ಹೆಸರು ಬರೆದು ಸಂಘಕ್ಕೆ ತಂದುಕೊಡಿ. ಬರುವ ಎಳ್ಳ ಅಮಾವಾಸ್ಯೆಯೊಳಗೆ ಅವುಗಳನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.