ಸೆನ್ಸರ್ ಹೋಗಿದೆ ಅಂದ ಕೂಡಲೇ ಜೇಬಿಗೆ ಕೈ ಹಾಕಬೇಡಿ
(ತರುಣರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)

ನಾನು ಪ್ರಿಂಟಿಂಗ್ ಪ್ರೆಸ್ಸಿನವನು. ಓದಿದ್ದು ಪಿಯುಸಿ. ಮಣ್ಣು ಅಗೆಯುವ ಯಂತ್ರದ ಬಗ್ಗೆ ಇವನೇನು ಹೇಳುತ್ತಾನೆ ಅಂತ ಕೆಲವರು ಒಳಗೊಳಗೇ ನಗುತ್ತಿರಬಹುದು. ನಗಿ, ಪರವಾಗಿಲ್ಲ. ಆದರೆ ನಿಮ್ಮಲ್ಲಿ ಇಬ್ಬರು ಮೂವರು ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಎಕ್ಸ್‌ಕವೇಟರ್ ಕೊಳ್ಳುವ ಯೋಚನೆಯಲ್ಲಿದ್ದೀರಿ ಅಂತ ಕೇಳಿದೆ. ಅದಕ್ಕೇ ಬಾಯಿ ಬಿಡುತ್ತಿದ್ದೇನೆ.

ನನ್ನ ಅಕ್ಕನ ಮಗ ಹೀಗೇ ಒಂದು ಕೊಂಡ. 20 ಟನ್ನಿನ ಯಂತ್ರ. ಅಮ್ಮನ ಒಡವೆ ಅಡವಿಟ್ಟ, ಸಾಲದ್ದಕ್ಕೆ ಫೈನಾನ್ಸ್ ಮಾಡಿಸಿದ. ಮಾರಿದವನು ಸ್ಟಾರ್ಟ್ ಮಾಡಿ ತೋರಿಸಿದಾಗ ಮಾನಿಟರಿನಲ್ಲಿ ಒಂದು ಕೆಂಪು ದೀಪವೂ ಇಲ್ಲ. ಹುಡುಗ ಖುಷಿಯೋ ಖುಷಿ. ಮೂರನೇ ವಾರ ಕಲ್ಲು ನೆಲದಲ್ಲಿ ಕೆಲಸ, ಮಧ್ಯಾಹ್ನದ ಬಿಸಿಲು. ಟೆಂಪರೇಚರ್ ಮುಳ್ಳು ಮಾತ್ರ ನಡುಮಧ್ಯೆ ನಿಂತು ಅಲ್ಲಾಡಲಿಲ್ಲ. ಎಂಜಿನ್ ಕುದಿದು ಹೆಡ್ ಗ್ಯಾಸ್ಕೆಟ್ ಹೋಯಿತು. ಬಿಚ್ಚಿ ನೋಡಿದರೆ, ಕೂಲಂಟ್ ಸೆನ್ಸರಿನ ಜಾಗಕ್ಕೆ ಒಂದೆರಡು ರೂಪಾಯಿಯ ರೆಸಿಸ್ಟರ್ ಬೆಸುಗೆ ಹಾಕಿ ಟೇಪ್ ಸುತ್ತಿದ್ದ ಮಹಾನುಭಾವ! ಎಂಜಿನ್ ಬೆಂದು ಹೋಗುತ್ತಿದ್ದರೂ ಒಳಗಿನ ಕಂಪ್ಯೂಟರಿಗೆ 'ಎಲ್ಲರೂ ಕ್ಷೇಮ' ಎಂಬ ಕಾಗದ ಹೋಗುತ್ತಲೇ ಇತ್ತು.

ಆಮೇಲೆ ಆರು ತಿಂಗಳು ನಾನೂ ಅವನೂ ಆ ಯಂತ್ರದ ಹಿಂದೆ ಅಲೆದೆವು. ಒಬ್ಬ ಒಳ್ಳೆ ಎಲೆಕ್ಟ್ರಿಷಿಯನ್ ಸಿಕ್ಕಿ ಕೈಹಿಡಿದು ಕಲಿಸಿದ. ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಇಸಿಎಂ ಎಂಬ ಕಂಪ್ಯೂಟರ್ ಸಂಪಾದಕ ಇದ್ದಂತೆ. ಸೆನ್ಸರುಗಳು ವರದಿಗಾರರು. ವೈರು ಅಂಚೆ. ಸುಳ್ಳು ಸುದ್ದಿ ಬಂತು ಅಂತ ಮೊದಲೇ ವರದಿಗಾರನನ್ನು ಕೆಲಸದಿಂದ ತೆಗೆಯುತ್ತೀರಾ? ಅಂಚೆಯವನನ್ನೂ ಕೇಳಬೇಕಲ್ಲವೇ! ಹಳೆಯ ಯಂತ್ರದಲ್ಲಿ ಬಹಳ ಸಲ ಕೆಟ್ಟಿರುವುದು ಅಂಚೆಯೇ. ನಡುಕಕ್ಕೆ ವೈರು ಕಬ್ಬಿಣಕ್ಕೆ ಉಜ್ಜಿ ಸಿಪ್ಪೆ ಹೋಗಿರುತ್ತದೆ, ಇಲಿ ಕಡಿದಿರುತ್ತದೆ, ಪ್ರೆಷರ್ ನೀರಿನಲ್ಲಿ ತೊಳೆದು ತೊಳೆದು ಕನೆಕ್ಟರಿನ ಒಳಗೆ ಹಸಿರು ಕಿಲುಬು ಹಿಡಿದಿರುತ್ತದೆ. ಮೆಕ್ಯಾನಿಕ್ ಮಾತ್ರ 'ಸೆನ್ಸರ್ ಹೋಗಿದೆ' ಅನ್ನುತ್ತಾನೆ. ಹೊಸದು ಹಾಕಿದರೂ ದೀಪ ಆರುವುದಿಲ್ಲ. ಆಗ 'ಇಸಿಎಂ ಹೋಗಿದೆ' ಅನ್ನುತ್ತಾನೆ. ನಿಮ್ಮ ಕಥೆ ಮುಗಿಯಿತು!

ಮಾನಿಟರ್ ಇಂಗ್ಲಿಷಿನಲ್ಲಿ ಹೆದರಿಸಿದರೂ ಸಂಖ್ಯೆ ಸಂಖ್ಯೆಯೇ. ಅನೇಕ ಎಂಜಿನ್ನುಗಳು ಜೆ1939 ಎಂಬ ಪದ್ಧತಿಯಲ್ಲಿ ಎರಡು ಅಂಕಿ ಕೊಡುತ್ತವೆ. ಎಸ್‌ಪಿಎನ್ ಅಂದರೆ ಯಾವುದರಲ್ಲಿ ತೊಂದರೆ, ಎಫ್‌ಎಂಐ ಅಂದರೆ ಎಂಥ ತೊಂದರೆ. 110 ಕೂಲಂಟ್ ಬಿಸಿ, 100 ಆಯಿಲ್ ಪ್ರೆಷರ್, 157 ಡೀಸೆಲ್ ರೈಲ್ ಪ್ರೆಷರ್, 190 ಎಂಜಿನ್ ವೇಗ. ಎಫ್‌ಎಂಐ 3 ಅಂದರೆ ವೋಲ್ಟೇಜ್ ಮಿತಿ ಮೀರಿ ಮೇಲೆ ಹೋಗಿದೆ, 4 ಅಂದರೆ ಕೆಳಗೆ ಬಿದ್ದಿದೆ. ಇವೆರಡೂ ವಿದ್ಯುತ್ತಿನ ತಕರಾರು. ಆದರೆ 0 ಅಥವಾ 1 ಬಂದರೆ ಹುಷಾರು! ವರದಿಗಾರ ನಿಜ ಹೇಳುತ್ತಿರಬಹುದು, ಎಂಜಿನ್ನಿಗೇ ರೋಗ ಇರಬಹುದು. 100ರ ಜೊತೆ 1 ಬಂದರೆ ಎಂಜಿನ್ ಆರಿಸಿ, ಸೆನ್ಸರಿನ ತೂತಿಗೇ ಕೈ ಗೇಜು ಹಾಕಿ ಪ್ರೆಷರ್ ನೋಡುವವರೆಗೆ ಕೆಲಸಕ್ಕೆ ಬಿಡಬೇಡಿ. 'ಸೆನ್ಸರ್ ಸುಳ್ಳು ಹೇಳುತ್ತಿದೆ' ಅಂತ ಓಡಿಸಿ ಬೇರಿಂಗ್ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಈಗ ಒಂದು ಪರೀಕ್ಷೆ. ಒಂದು ಪೈಸೆ ಖರ್ಚಿಲ್ಲ. ಕೂಲಂಟ್ ಸೆನ್ಸರಿಗೆ ಎರಡೇ ವೈರು. ನೀರು ತಣ್ಣಗಿದ್ದಾಗ ಅದರ ರೋಧ ಹೆಚ್ಚು, ಬಿಸಿಯಾದಂತೆ ಕಡಿಮೆ. ಬಹಳಷ್ಟರಲ್ಲಿ 20 ಡಿಗ್ರಿಗೆ ಸುಮಾರು 2500 ಓಮ್, 80 ಡಿಗ್ರಿಗೆ ಸುಮಾರು 300 ಓಮ್. ಇಸಿಎಂ ಆ ವೈರಿಗೆ 5 ವೋಲ್ಟ್ ಕಳಿಸಿ ಎಷ್ಟು ಉಳಿಯಿತು ಅಂತ ಅಳೆಯುತ್ತದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಬೇಡ. ಪ್ಲಗ್ ಕೀಳಿ. ಕೋಡ್ 3 ಬರಬೇಕು. ಈಗ ವೈರಿನ ಕಡೆಯ ಪ್ಲಗ್ಗಿನ ಎರಡು ಪಿನ್ನುಗಳನ್ನು ತುಂಡು ವೈರಿನಿಂದ ಸೇರಿಸಿ. ಕೋಡ್ 4ಕ್ಕೆ ತಿರುಗಬೇಕು. ತಿರುಗಿತೇ? ಅಂಚೆಯೂ ಸರಿ, ಸಂಪಾದಕನೂ ಸರಿ. ಸೆನ್ಸರನ್ನು ಅಥವಾ ಅದರ ಪಿನ್ನನ್ನು ಅನುಮಾನಿಸಿ. ತಿರುಗಲಿಲ್ಲವೇ? ಹೊಸ ಸೆನ್ಸರಿಗೆ ದುಡ್ಡು ಕೊಡಬೇಡಿ, ವೈರು ಹಿಡಿದು ಹೊರಡಿ. ಮೂರು ವೈರಿನ ಪ್ರೆಷರ್ ಸೆನ್ಸರಿಗೆ ಮಾತ್ರ ಹೀಗೆ ಪಿನ್ನು ಸೇರಿಸಲು ಹೋಗಬೇಡಿ.

ಮೂರು ನಾಲ್ಕು ಸೆನ್ಸರುಗಳ ಕೋಡ್ ಒಟ್ಟಿಗೇ ಬಂದರೆ ನಾಲ್ಕೂ ಒಂದೇ ದಿನ ಸತ್ತವು ಅಂತ ನಂಬುತ್ತೀರಾ? ಹಲವು ಸೆನ್ಸರುಗಳಿಗೆ 5 ವೋಲ್ಟ್ ಒಂದೇ ತಂತಿಯಿಂದ ಹಂಚಿಕೆಯಾಗುತ್ತದೆ. ಒಂದು ಒಳಗೆ ಶಾರ್ಟ್ ಆದರೆ ಉಳಿದವೂ ಮೂಗರಾಗುತ್ತವೆ. ಮೀಟರನ್ನು ಆ 5 ವೋಲ್ಟಿಗೆ ಇಟ್ಟು ಒಂದೊಂದೇ ಪ್ಲಗ್ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ 5 ವಾಪಸ್ ಬಂತೋ ಅವನೇ ಕಳ್ಳ. ಯಾವುದನ್ನು ಕಿತ್ತರೂ ಬರದಿದ್ದರೆ ವೈರು ಅಥವಾ ಅರ್ತ್ ನೋಡಿ. ಅಕ್ಕನ ಮಗನ ಯಂತ್ರದಲ್ಲಿ ಎರಡನೇ ಸಲ ಕೈಕೊಟ್ಟದ್ದು ಇದೇ. 'ಇಸಿಎಂ ಬದಲಿಸಬೇಕು' ಅಂದಿದ್ದರು. ಹೊರಟಿದ್ದು ಟರ್ಬೋ ಪಕ್ಕದಲ್ಲಿ ಸುಟ್ಟ ಅಂಗೈಯಗಲದ ವೈರು!

ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಆಗುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ವೇಗದ ಸೆನ್ಸರನ್ನೂ ನೋಡಿ. ಅಯಸ್ಕಾಂತದ ಮಾದರಿಯದಾದರೆ ತುದಿಗೆ ಕಬ್ಬಿಣದ ಪುಡಿ ಅಂಟಿರಬಹುದು, ಒರೆಸಿ ನೋಡಿ. ನಮ್ಮ ಆಫ್‌ಸೆಟ್ ಮಷೀನಿನಲ್ಲಿ ಎರಡು ಹಾಳೆ ಒಟ್ಟಿಗೆ ಬಂದರೆ ನಿಲ್ಲಿಸುವ ಸೆನ್ಸರ್ ಇದೆ. ಅದು ಕಾರಣವಿಲ್ಲದೆ ನಿಲ್ಲಿಸತೊಡಗಿದಾಗ 'ಕಾರ್ಡ್ ಹೋಗಿದೆ' ಅಂತ ದೊಡ್ಡ ಮೊತ್ತ ಹೇಳಿದ್ದರು. ಬನಿಯನ್ ಬಟ್ಟೆಯಲ್ಲಿ ಪೌಡರ್ ಧೂಳು ಒರೆಸಿದೆ, ಇವತ್ತಿಗೂ ಓಡುತ್ತಿದೆ.

ಕೊಳ್ಳಲು ಹೋಗುವವರು ಬೆಳಿಗ್ಗೆಯೇ ಹೋಗಿ. 'ಎಂಜಿನ್ ಮುಟ್ಟಬೇಡಿ, ನಾವು ಬರುತ್ತೇವೆ' ಅಂತ ಮೊದಲೇ ಹೇಳಿ. ಕೀ ಆನ್ ಮಾಡಿದೊಡನೆ ಎಚ್ಚರಿಕೆ ದೀಪಗಳು ಒಂದು ಕ್ಷಣ ಉರಿದು ಆರಬೇಕು. ಉರಿಯದಿದ್ದರೆ ದೀಪವನ್ನೇ ಕಿತ್ತಿರಬಹುದು. ಸ್ಕ್ಯಾನರ್ ಇರುವ ಒಬ್ಬನನ್ನು ಕರೆದೊಯ್ಯಿರಿ. ರಾತ್ರಿಯಿಡೀ ತಣ್ಣಗೆ ನಿಂತ ಎಂಜಿನ್ನಿನಲ್ಲಿ ಕೂಲಂಟ್, ಡೀಸೆಲ್, ಒಳಗೆಳೆಯುವ ಗಾಳಿ ಮೂರೂ ಹೆಚ್ಚುಕಡಿಮೆ ಹೊರಗಿನ ಬಿಸಿಯನ್ನೇ ತೋರಿಸಬೇಕು. ಬೆಳಗಿನ 22 ಡಿಗ್ರಿ ಚಳಿಯಲ್ಲಿ ಕೂಲಂಟ್ ಮಾತ್ರ 80 ತೋರಿಸಿದರೆ ರೆಸಿಸ್ಟರ್ ಮಹಾನುಭಾವ ಅಲ್ಲೂ ಬಂದು ಹೋಗಿದ್ದಾನೆ! ಇಷ್ಟು ಗೊತ್ತಿದ್ದರೆ ಅಕ್ಕನ ಒಡವೆ ಉಳಿಯುತ್ತಿತ್ತು. ಹಾಗೇ ಎಂಜಿನ್ ನಿಂತಿರುವಾಗ ಬೂಸ್ಟ್ ಸೆನ್ಸರ್ ಪೂರ್ಣ ಒತ್ತಡ ತೋರಿಸುವ ಮಾದರಿಯದಾದರೆ ಮಂಗಳೂರಿನಲ್ಲಿ ಸುಮಾರು 101 ಕಿಲೋಪಾಸ್ಕಲ್, ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಸುಮಾರು 91 ಬರಬೇಕು. ಹಿಂದಿನ ದಿನವೇ ಕೋಡ್ ಅಳಿಸಿಟ್ಟಿರುತ್ತಾರೆ, ಆದ್ದರಿಂದ ಒಂದು ಗಂಟೆ ಮಣ್ಣು ಅಗೆಸಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ. ಒಪ್ಪದವನ ಯಂತ್ರ ಬೇಡವೇ ಬೇಡ.

ಎರಡು ಎಚ್ಚರಿಕೆ. ಎಂಜಿನ್ ಓಡುವಾಗ ಡೀಸೆಲ್ ರೈಲಿನ ಪೈಪ್ ಸಡಿಲಿಸಬೇಡಿ. ಅನೇಕ ಎಂಜಿನ್ನುಗಳಲ್ಲಿ ಅಲ್ಲಿ 1600 ಬಾರ್ ಒತ್ತಡ ಇರುತ್ತದೆ, ಚರ್ಮ ಸೀಳಿ ಒಳಗೆ ನುಗ್ಗುತ್ತದೆ. ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿಯನ್ನೂ ಇಸಿಎಂ ಪ್ಲಗ್ಗನ್ನೂ ಬಿಚ್ಚಿ.

ಅಕ್ಕನ ಮಗನ ಯಂತ್ರ ಈಗ ಕೆಲಸದಲ್ಲಿದೆ. ಒಡವೆ ಇನ್ನೂ ಅಡವಿನಲ್ಲೇ ಇದೆ. ಭಾನುವಾರ ಯಂತ್ರಕ್ಕೆ ರಜೆ. ಬರುವವರು ಪ್ರೆಸ್ಸಿನ ಹತ್ತಿರ ಏಳು ಗಂಟೆಗೆ ಬನ್ನಿ, ಮೀಟರ್ ಇದ್ದರೆ ತನ್ನಿ. ಪ್ಲಗ್ ಕೀಳುವುದನ್ನು ಅವನೇ ತೋರಿಸುತ್ತಾನೆ.