ಮಣ್ಣಿಗೆ ಕೊಟ್ಟ ಬಾಡಿಗೆ

(ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಲ, ವಸೂಲಿ, ಗೊಬ್ಬರದ ವಿಷಯ ಹಿರಿಯರು ಆಗಲೇ ಮಾತಾಡಿದ್ದಾರೆ. ನಾವು ಸಹಾಯಧನದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಉದಾಹರಣೆ ಅಮೆರಿಕದ್ದು. ಅಷ್ಟು ದೂರದ ಮಾತು ನಮಗ್ಯಾಕೆ ಅಂತ ಕೇಳಬಹುದು. ಮಣ್ಣು ಹೋದ ಮೇಲೆ ಅಳೋದು ಎಲ್ಲಾ ದೇಶದ ರೈತನಿಗೂ ಒಂದೇ.

ಕಾನ್ಸಾಸ್, ಒಕ್ಲಹೋಮ, ಕೊಲರಾಡೊ ಸೀಮೆಯಲ್ಲಿ ಹುಲ್ಲುಗಾವಲನ್ನೆಲ್ಲ ಉತ್ತು ಗೋಧಿ ಬಿತ್ತಿದ್ದರು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು, ಗಾಳಿ ಮೇಲ್ಮಣ್ಣನ್ನೇ ಹೊತ್ತೊಯ್ದಿತು. 1935ರ ಏಪ್ರಿಲ್ 14ರಂದು ಎದ್ದ ದೂಳಿಗೆ ಹಗಲೇ ಕತ್ತಲಾಯಿತು. ಅದನ್ನು ಇವತ್ತಿಗೂ 'ಕಪ್ಪು ಭಾನುವಾರ' ಅಂತಾರೆ. ಅದೇ ತಿಂಗಳ 27ಕ್ಕೆ ಮಣ್ಣು ಸಂರಕ್ಷಣೆಯ ಕಾಯ್ದೆ ಬಂತು.

ಬಹಳ ವರ್ಷಗಳ ಮೇಲೆ, 1985ರ ಕೃಷಿ ಕಾಯ್ದೆಯಲ್ಲಿ, 'ಕನ್ಸರ್ವೇಷನ್ ರಿಸರ್ವ್ ಪ್ರೋಗ್ರಾಂ' ಎಂಬ ಯೋಜನೆ ಬಂತು. ಸುಲಭವಾಗಿ ಕೊಚ್ಚಿಹೋಗುವ ಜಮೀನನ್ನು ರೈತ 10ರಿಂದ 15 ವರ್ಷ ಉಳುವ ಹಾಗಿಲ್ಲ. ಹುಲ್ಲು ಇಲ್ಲವೇ ಮರ ಬೆಳೆಸಬೇಕು. ಬದಲಿಗೆ ಸರ್ಕಾರ ಎಕರೆಗೆ ಇಷ್ಟು ಅಂತ ವರ್ಷ ವರ್ಷ ಬಾಡಿಗೆ ಕೊಡುತ್ತೆ, ಹುಲ್ಲು ಹಚ್ಚುವ ಖರ್ಚಲ್ಲೂ ಪಾಲು ಕೊಡುತ್ತೆ. ನಡುವೆ ಕರಾರು ಮುರಿದರೆ ಪಡೆದ ಹಣವನ್ನು ಬಡ್ಡಿ ಸಮೇತ ವಾಪಸು ಕಟ್ಟಬೇಕು.

ಇದರಲ್ಲಿ ಎರಡು ವಿಷಯ ನಮ್ಮ ಮನಸ್ಸಿಗೆ ನಾಟಿದವು. ಕೌಂಟಿ ಅಂದ್ರೆ ಹೆಚ್ಚುಕಡಿಮೆ ನಮ್ಮ ತಾಲ್ಲೂಕು, ಜಿಲ್ಲೆಯ ಹಾಗೆ. ಒಂದು ಕೌಂಟಿಯ ಸಾಗುವಳಿ ಭೂಮಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 25ಕ್ಕಿಂತ ಹೆಚ್ಚು ಈ ಯೋಜನೆಗೆ ಸೇರುವಂತಿಲ್ಲ. ಯಾಕೆ? ಜಮೀನಿನವನಿಗೆ ಬಾಡಿಗೆ ಬರುತ್ತೆ, ಅವನು ಪಟ್ಟಣದಲ್ಲಿ ಕೂತರೂ ಬರುತ್ತೆ. ಆದರೆ ಬೀಜದ ಅಂಗಡಿ, ಟ್ರಾಕ್ಟರ್ ರಿಪೇರಿಯವನು, ಕೂಲಿಯಾಳು, ಗುತ್ತಿಗೆಗೆ ಉಳುವವನು, ಇವರಿಗೆ ಯಾರು ಕೊಡ್ತಾರೆ? ಮಣ್ಣು ಉಳಿದು ಊರು ಖಾಲಿಯಾದರೆ ಅದೂ ನಷ್ಟವೇ. ಎರಡನೆಯದು, ರೈತರೇ ಓಟು ಹಾಕಿ ಆರಿಸಿದ ಕೌಂಟಿ ಸಮಿತಿಗಳು ಅಲ್ಲಿ ಕೃಷಿ ಯೋಜನೆಗಳ ಜಾರಿಯಲ್ಲಿ ಪಾಲುಗೊಳ್ಳುತ್ತವೆ. ಸಹಕಾರಿಗಳಾದ ನಮಗೆ ಇದು ಹೊಸದಲ್ಲ.

ಇನ್ನೊಂದು ಮುಖವನ್ನೂ ಹೇಳಬೇಕು. 2007ರಲ್ಲಿ ಈ ಯೋಜನೆಯಡಿ ಸುಮಾರು 3 ಕೋಟಿ 68 ಲಕ್ಷ ಎಕರೆ ಇತ್ತು. ಆಮೇಲೆ ಜೋಳ, ಸೋಯಾ ರೇಟು ಏರಿತು. ಕರಾರು ಮುಗಿದವರಲ್ಲಿ ಎಷ್ಟೋ ಜನ ಮತ್ತೆ ನೇಗಿಲು ಹೂಡಿದರು. 2014ರ ಕಾಯ್ದೆ ಯೋಜನೆಯ ಮಿತಿಯನ್ನೇ ಹಂತ ಹಂತವಾಗಿ 2 ಕೋಟಿ 40 ಲಕ್ಷ ಎಕರೆಗೆ ಇಳಿಸಿತು. ಹತ್ತು ಹದಿನೈದು ವರ್ಷ ಬೇರು ಬಿಟ್ಟ ಹುಲ್ಲು ಒಂದೇ ಹಂಗಾಮಿನಲ್ಲಿ ಹೋಯಿತು. ಬಾಡಿಗೆ ಇರುವಷ್ಟು ದಿನ ಮಾತ್ರ ಮಣ್ಣಿಗೆ ಕಾವಲು ಅನ್ನೋದಾದರೆ ಕಥೆ ಇಷ್ಟೇ.

ನಮ್ಮ ರಾಜ್ಯಕ್ಕೆ ಬರೋಣ. 2001ರಿಂದ 2009ರವರೆಗೆ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ ರೈತರೂ ತಮ್ಮ ಪಾಲಿನ ವಂತಿಗೆ ಹಾಕಬೇಕಿತ್ತು. 2014ರಲ್ಲಿ ಕೃಷಿ ಭಾಗ್ಯ ಬಂದು ಕೃಷಿಹೊಂಡಕ್ಕೆ ಸಹಾಯಧನ ಸಿಕ್ಕಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ನಮ್ಮಲ್ಲಿ ದುಡ್ಡು ಬರೋದು ಹೆಚ್ಚಾಗಿ ಕಟ್ಟುವುದಕ್ಕೆ, ಕಾಯುವುದಕ್ಕಲ್ಲ. ಬದು ಹಾಕಿದ ವರ್ಷ ಫೋಟೋ ತೆಗೀತಾರೆ. ಮೂರನೇ ಮಳೆಗಾಲಕ್ಕೆ ಬದು ಒಡೆದರೆ ನೋಡೋರಿಲ್ಲ. ಮೇಲಿನ ಹೊಲದವನ ಬದು ಒಡೆದರೆ ಕೆಳಗಿನ ಹೊಲದವನ ಬಿತ್ತನೆ ಹೋಗುತ್ತೆ. ಹಾಗಾಗಿ ಇದು ಒಬ್ಬನ ಪಾಣಿಗೆ ಸೇರಿದ ವಿಷಯ ಅಲ್ಲ, ಊರಿನ ವಿಷಯ.

ಆದ್ದರಿಂದ ಮಹಾಸಭೆಯ ಮುಂದೆ ಒಂದು ಸಲಹೆ ಇಡ್ತೇವೆ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ನಮ್ಮ ಸದಸ್ಯರೇ ಹಳ್ಳದುದ್ದಕ್ಕೂ ನಡೆದು, ಒಡೆದ ಬದುಗಳ ಪಟ್ಟಿ ಮಾಡಲಿ. ರಿಪೇರಿಗೆ ಕೈಲಾಗದ ಸಣ್ಣ ರೈತನಿಗೆ ಸಂಘದಿಂದ ಸಣ್ಣ ಸಾಲ, ಉಳಿದವರಿಂದ ಮುಯ್ಯಾಳು. ಸರ್ಕಾರದ ಸಹಾಯಧನ ಬಂದರೆ ಬೇಡ ಅನ್ನೋದಿಲ್ಲ. ಅದು ನಿಂತ ವರ್ಷವೂ ನಮ್ಮ ಬದು ನಿಂತಿರಬೇಕು, ಅಷ್ಟೆ.